ಹಸಿಯೂಟದ ಆಚಾರ್ಯರು

ಶಿವಮೊಗ್ಗೆಯ ಕೋಟೆಯಲ್ಲಿ ಆಂಜನೇಯನ ಗುಡಿಗೂ ಮಾರಿಕಾಂಬೆಯ ಗುಡಿಗೂ ಸಮಾನವಾಗಿ ಕೈಮುಗಿಯುತ್ತ, ತುಂಗೆಯ ಗಾಳಿಯನ್ನು ಸೇವಿಸುತ್ತ, ಪಿಂಚಣಿಯ ದಿನವನ್ನು ಬಿಟ್ಟರೆ ಮತ್ತಾವ ದಿನಕ್ಕೂ ಕಾತರಿಸದೆ ಬಾಳುವ ನಿವೃತ್ತ ಮಹನೀಯರಲ್ಲಿ ಈಚೆಗೆ ಒಂದು ಹೊಸ ಪಂಗಡ ತಲೆಯೆತ್ತಿದೆ. ಹಳೆಯ ಪಂಗಡದವರಿಗೆ ಮಾತನಾಡಲು ಮಧುಮೇಹವಿತ್ತು, ಮಗನ ಸಂಬಳವಿತ್ತು, ಮಳೆ ಹಿಂದಿನಂತಿಲ್ಲವೆಂಬ ನಿತ್ಯಸತ್ಯವಿತ್ತು; ಈ ಪಂಗಡದವರಿಗೆ ನಾಯಿಮರಿಯಿದೆ. ಇವರು ಬೀದಿಗೊಬ್ಬರಂತೆ ಇರುವುದರಿಂದ ಒಬ್ಬರ ಹೆಸರು ಹಿಡಿದು ಮಿಕ್ಕವರಿಗೆ ಅನ್ಯಾಯ ಮಾಡುವುದೇಕೆ? ಎಲ್ಲರನ್ನೂ ಒಟ್ಟಾಗಿ ಶ್ವಾನಾಚಾರ್ಯರೆಂದು ಕರೆಯೋಣ.

ಆಚಾರ್ಯರ ವಂಶದಲ್ಲಿ ಮಾಂಸವನ್ನು ಮುಟ್ಟಿದವರಿಲ್ಲ. ಈರುಳ್ಳಿಗೆ ಅಡುಗೆಮನೆಯ ಪ್ರವೇಶ ದೊರೆತದ್ದೇ ಅವರ ತಂದೆಯವರ ಕಾಲದ ಕೊನೆಗೆ. ಮೊಟ್ಟೆಯ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಇಂತಹ ಮನೆಗೆ, ಬೆಂಗಳೂರಿನ ಮಗಳ ಕರುಣೆಯಿಂದಾಗಿ, ಗಾಂಧಿ ಬಜಾರಿನ ಗಲ್ಲಿಯೊಂದರಲ್ಲಿ ಮಂಡಕ್ಕಿಯ ಚೂರು, ಇಡ್ಲಿಯ ಅಂಚು, ದಾನಿಗಳ ದಯೆ ಇವುಗಳಿಂದಲೇ ದೇಹಪೋಷಣೆ ಮಾಡಿಕೊಂಡಿದ್ದ ಮರಿಯೊಂದು ದತ್ತುಪುತ್ರನಾಗಿ ಬಂದಿತು. ಅದಕ್ಕೆ ಹಾಲನ್ನವಿಟ್ಟು ಸುಮ್ಮನಿದ್ದಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ಆಚಾರ್ಯರು ಮೊಬೈಲಿನಲ್ಲಿ ಒಂದು ರಾತ್ರಿ ಜಾಗರಣೆ ಮಾಡಿ, ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಎಂಬಾತನು 1993ರಲ್ಲಿ ಬರೆದ ಪುಸ್ತಕದಿಂದ ಹಬ್ಬಿದ ಮತವೊಂದನ್ನು ಕಂಡುಕೊಂಡರು: ನಾಯಿ ತೋಳನ ಸಂತಾನ, ತೋಳನ ಗವಿಯಲ್ಲಿ ಒಲೆಯಿಲ್ಲ, ಆದುದರಿಂದ ನಾಯಿಗೆ ಹಸಿ ಮಾಂಸ, ಹಸಿ ಮೂಳೆಗಳೇ ಪ್ರಕೃತಿವಿಹಿತವಾದ ಆಹಾರ. ಬೆಳಗಾಗುವಷ್ಟರಲ್ಲಿ ಹಾಲನ್ನವು ಪಾಷಂಡವಾಗಿ, ಬಿಸ್ಕತ್ತು ಮಹಾಪಾತಕವಾಗಿ ಪರಿಣಮಿಸಿದ್ದವು.

ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಊರೂರಿನ ಬಗೆಬಗೆಯ ಹೊಲಗಳನ್ನು ಹನ್ನೆರಡು ವರ್ಷ ತಾನೇ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಲೆಕ್ಕವಿಡಿಸಿ, ಕಂದಾಯದ ‘ಶಿಸ್ತು’ ಗೊತ್ತುಮಾಡಿದನೆಂದು ಪ್ರತೀತಿಯಿದೆ. ಆತನ ಹೆಸರಿನ ಅರಮನೆ ಆಚಾರ್ಯರ ಜಗುಲಿಗೆ ಕೂಗಳತೆಯಲ್ಲಿದೆ. ಆದರೂ ಒಂದು ಜೀವದ ಮೇಲೆ ಶಿಸ್ತು ಹೇರುವುದಕ್ಕೆ ಹನ್ನೆರಡು ವರ್ಷವೇಕೆ ಬೇಕಾಯಿತೆಂಬುದು ಇವರಿಗೆ ಅರ್ಥವಾಗದು. ಇವರು ಒಂದೇ ಪೂರ್ವಾಹ್ನದಲ್ಲಿ ಮುಗಿಸಿದರು. ಮರಿಯ ತೂಕ 5 ಕಿಲೋ. ಎಳೆಯ ಮರಿಗೆ ದಿನವೊಂದಕ್ಕೆ ದೇಹತೂಕದ ನೂರಕ್ಕೆ 10ರಂತೆ 500 ಗ್ರಾಂ. ಅದರಲ್ಲಿ ಮಾಂಸ 80, ಮೂಳೆ 10, ಲಿವರ್ 5, ಇತರ ಅಂಗಾಂಗ 5ರ ಪ್ರಮಾಣದಲ್ಲಿ 400, 50, 25, 25 ಗ್ರಾಂ. ಮಗಳ ಮದುವೆಯ ಖರ್ಚಿನ ಪಟ್ಟಿಯನ್ನೂ ಇಷ್ಟು ಅಚ್ಚುಕಟ್ಟಾಗಿ ಬರೆದವರಲ್ಲವೆಂದು ಅವರ ಧರ್ಮಪತ್ನಿಯವರು ಬಾಗಿಲ ಮರೆಯಿಂದ ಸಾಕ್ಷಿ ನುಡಿದರು.

ಸಿದ್ಧಾಂತ ಸಿದ್ಧವಾಯಿತು, ಸಾಮಗ್ರಿಯನ್ನು ತರುವವರಾರು? ಮಾಂಸದ ಅಂಗಡಿಯ ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ, ಮಳೆಯಿಲ್ಲದಿದ್ದರೂ ಕೊಡೆ ಬಿಚ್ಚಿ ಮುಖ ಮರೆಸಿಕೊಂಡು ನಿಂತ ಆಚಾರ್ಯರು, ಪರಿಚಯದ ಆಟೋ ಚಾಲಕನನ್ನು ದೂತನನ್ನಾಗಿ ಕಳುಹಿಸುತ್ತಿದ್ದರು. ಚೀಟಿಯನ್ನೋದಿದ ಅಂಗಡಿಯವನು, “ಇಪ್ಪತ್ತೈದು ಗ್ರಾಂ ಲಿವರ್ ಕೊಡೋಕೆ ಇದೇನು ಬಂಗಾರದಂಗಡಿಯೇನಪ್ಪ?” ಎಂದು ಕೇಳಿದರೆ, ದೂತನು ಬೀದಿ ದಾಟಿ ಬಂದು ಪ್ರಶ್ನೆಯನ್ನು ಯಥಾವತ್ತಾಗಿ ಒಪ್ಪಿಸುವನು, ಆಚಾರ್ಯರು ಕೊಡೆಯೊಳಗಿಂದಲೇ ಅಂಗಾಂಗಗಳ ಪೋಷಕಾಂಶಗಳನ್ನು ಕುರಿತು ಉಪನ್ಯಾಸವೊಂದನ್ನು ಕೊಟ್ಟು ಅವನನ್ನು ಮರಳಿ ಅಟ್ಟುವರು. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಜಾತ್ರೆಯ ದಿನಗಳಲ್ಲಿ ನೆರೆಮನೆಗಳ ಸಾರಿನ ಘಮ ಒಳಗೆ ಬಾರದಂತೆ ಕಿಟಕಿಯಿಕ್ಕುತ್ತಿದ್ದ ಮಹನೀಯರೇ, ಈಗ ಬೇಲಿಯ ಮೇಲಿಂದ ಕತ್ತು ಚಾಚಿ, “ಮೂಳೆಯನ್ನು ಬೇಯಿಸುವ ಮುಂಚೆ ಎತ್ತಿಡಿ ಸ್ವಾಮಿ, ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ” ಎಂದು ಬೋಧಿಸತೊಡಗಿದರು. ಮಾತು ದಿಟವೇ, ಹೇಳಿದ ಬಾಯಿಯನ್ನು ನೋಡಿ ನೆರೆಯವರು ದಿಗಿಲುಗೊಂಡರು.

ಆದರೆ ಎಲ್ಲಕ್ಕಿಂತ ಸೋಜಿಗದ ಸಂಗತಿಯೆಂದರೆ ಮಡಿಯದು. ತಾಯಿಯವರು ಒದ್ದೆ ಸೀರೆಯುಟ್ಟು, ಗಳುವಿನ ಮೇಲಿನ ಬಟ್ಟೆಯನ್ನು ಕೋಲಿನಿಂದ ಇಳಿಸಿಕೊಳ್ಳುತ್ತಿದ್ದುದನ್ನು ಕಂಡು, ವಿಜ್ಞಾನ ಓದಿದ ಯುವಕರಾಗಿದ್ದ ಆಚಾರ್ಯರು ನಕ್ಕಿದ್ದುಂಟು. ಈಗಲೋ, ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದೆಂದೂ, ಶೈತ್ಯದಲ್ಲಿ ಅದು ನಿದ್ರಿಸುವುದೇ ಹೊರತು ಸಾಯುವುದಿಲ್ಲವೆಂದೂ, ಮರಿಯ ಬಾಯಿಂದ ಮೊಮ್ಮಕ್ಕಳ ಕೈಗೂ ಅದು ಸಂಚರಿಸೀತೆಂದೂ ಓದಿ ತಿಳಿದ ಮೇಲೆ, ಹಿತ್ತಿಲಲ್ಲಿ ಪ್ರತ್ಯೇಕ ಫ್ರಿಜ್ಜು ಪ್ರತಿಷ್ಠಾಪಿತವಾಯಿತು. ಪ್ರತ್ಯೇಕ ಚೂರಿ, ಪ್ರತ್ಯೇಕ ಮಣೆ, ಪ್ರತ್ಯೇಕ ತಕ್ಕಡಿ ಬಂದವು. ಮುಟ್ಟಿದರೆ ಕೈತೊಳೆ, ಮುಟ್ಟದಿದ್ದರೂ ಕೈತೊಳೆ ಎಂಬ ವಿಧಿ ಜಾರಿಗೆ ಬಂದಿತು. ಮರಿ ಉಣ್ಣುವ ಹೊತ್ತಿನಲ್ಲಿ ತುಳಸಿಕಟ್ಟೆಯಿಂದ ಆಚೆಗೆ ಯಾರೂ ಕಾಲಿಡಕೂಡದು. ವೃದ್ಧೆಯವರ ಮಡಿ ಬೆಳಗಿನ ಅಡುಗೆಯೊಂದಿಗೆ ಮುಗಿಯುತ್ತಿತ್ತು; ಮಗನದು ಹಗಲಿರುಳೂ ನಡೆಯುವ ವ್ರತವಾಯಿತು. ಪ್ರಕೃತಿಯೆಡೆಗೆ ಮರಳುವುದಕ್ಕೆ ಇಷ್ಟೊಂದು ಯಂತ್ರೋಪಕರಣಗಳು ಬೇಕೆಂಬುದನ್ನು ತೋಳಗಳು ಅರಿಯವು, ಪಾಪ.

ಮನೆಗೆ ಬಂದ ಅತಿಥಿಗಳು ಕೊಟ್ಟೆ ಕಡುಬನ್ನು ಚಟ್ನಿಯಲ್ಲಿ ಅದ್ದಿ ಬಾಯಿಗಿಡುವ ಸುಮುಹೂರ್ತವನ್ನೇ ಕಾದು, ಆಚಾರ್ಯರು ಮರಿಯ ಮಲವಿಚಾರವನ್ನು ಪ್ರಸ್ತಾಪಿಸುವರು. ಬೆಳ್ಳಗೆ ಸುಣ್ಣದಂತೆ ಪುಡಿಯಾದರೆ ಮೂಳೆ ಹೆಚ್ಚಾಯಿತು. ಕಪ್ಪಾಗಿ ನೀರಾದರೆ ಲಿವರ್ ಹೆಚ್ಚಾಯಿತು. ಮೂಳೆಯನ್ನೇ ಕೊಡದೆ ಬರಿಯ ಮಾಂಸವಿಟ್ಟರೆ ರಂಜಕ ಏರಿ, ಸುಣ್ಣದ ಅಂಶ ಸಾಲದೆ, ಬೆಳೆಯುವ ಮರಿಯ ಕಾಲು ಸೊಟ್ಟಗಾಗುವುದು. ಎಲ್ಲವೂ ಸತ್ಯವಾದ ಮಾತು. ಆದರೆ ಎರಡನೆಯ ಕಡುಬನ್ನು ಕೇಳಿದ ಅತಿಥಿ ಈವರೆಗೆ ಯಾರೂ ಇಲ್ಲ.

ಯಾರಾದರೂ ಧೈರ್ಯಮಾಡಿ, “ನಾಯಿಗಾಗಿ ಇಷ್ಟೆಲ್ಲ ಬೇಕೇ?” ಎಂದರೆ ಆಚಾರ್ಯರು ನೇರವಾಗಿ ಆತಕೂರಿಗೆ ಹೋಗುವರು. ಮದ್ದೂರು ತಾಲ್ಲೂಕಿನ ಆ ಊರಿನ ಕ್ರಿ.ಶ. 949-50ರ ಶಾಸನದಲ್ಲಿ, ಮಣಲೆರನೆಂಬ ವೀರನು ರಾಷ್ಟ್ರಕೂಟರ ಕಡೆಯವರ ಮೆಚ್ಚುಗೆಯ ವರವಾಗಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದದ್ದೂ, ಆ ನಾಯಿ ಹಂದಿಯೊಡನೆ ಕಾದಿ, ಎರಡೂ ಕೂಡಿ ಸತ್ತದ್ದೂ, ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟದ್ದೂ ವರ್ಣಿತವಾಗಿವೆ. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಎಂದರೆ ಗುಡಿಯ ಪೂಜಾರಿಗೆ, ನಾಯಿಯ ಪಾಪವೆಲ್ಲ ತಟ್ಟುವುದೆಂಬ ಎಚ್ಚರಿಕೆಯೂ ಅಲ್ಲಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲಿನ ಬಲದಿಂದಲೇ ಆಚಾರ್ಯರ ಮನೆಯಲ್ಲಿ ಮಧ್ಯಾಹ್ನದ ಊಟ ಎರಡೂವರೆ ಗಂಟೆಗೆ ಸರಿದದ್ದು: ಮೊದಲು ನಾಯಿ, ತರುವಾಯ ಗೊರವ.

ಈ ಮತಕ್ಕೆ ಪ್ರತಿವಾದಿಯಾಗಿ ನಿಂತವರು ಆಚಾರ್ಯರ ಭಾವಮೈದುನರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಬೆಂಕಿಯಲ್ಲಿ ಅಚಲವಾದ ಭಕ್ತಿ. 1923ರಲ್ಲಿ ಮಲೆನಾಡಿನ ಇದ್ದಿಲಿನಿಂದ ಊದುಕುಲುಮೆ ಹೊತ್ತಿಸಿದ ಊರಿನವರು ಹಸಿಯನ್ನು ಹೇಗೆ ತಾನೇ ಒಪ್ಪಿಯಾರು? “ಭಾವ, ಕೆಮ್ಮಣ್ಣುಗುಂಡಿಯ ಅದಿರನ್ನು ನಾವು ಹಸಿಯಾಗೇ ಬಿಟ್ಟಿದ್ದರೆ ಅದು ಇವತ್ತಿಗೂ ಕೆಂಪು ಮಣ್ಣೇ. ಬೆಂಕಿ ತಾಗದೆ ಯಾವುದೂ ಉದ್ಧಾರವಾಗೋದಿಲ್ಲ,” ಎಂಬುದು ಅವರ ಏಕಸೂತ್ರ. “ನಾಯಿ ಕಬ್ಬಿಣವಲ್ಲ ಮಾರಾಯ,” ಎಂದು ಆಚಾರ್ಯರು, “ಹಾಗಿದ್ದರೆ ತಕ್ಕಡಿ ಯಾಕೆ ಭಾವ? ಅದಿರಿಷ್ಟು, ಸುಣ್ಣಕಲ್ಲಿಷ್ಟು ಎಂದು ತೂಗಿ ಹಾಕುವುದು ನಮ್ಮ ಕುಲುಮೆಯ ಕೆಲಸ,” ಎಂದು ಮೈದುನರು. ಮರಿಯು ಇಬ್ಬರ ಮುಖವನ್ನೂ ನೋಡಿ, ಯಾರ ಕೈಯಲ್ಲಿ ಬಟ್ಟಲಿದೆಯೋ ಅವರ ಪಕ್ಷವನ್ನು ವಹಿಸುತ್ತಿತ್ತು.

ತೀರ್ಪು ಕೊಟ್ಟದ್ದು ಆಷಾಢದ ಮಳೆ. ಎರಡು ದಿನ ಕರೆಂಟಿಲ್ಲದೆ ಹಿತ್ತಿಲ ಫ್ರಿಜ್ಜಿನಿಂದ ಸನ್ನಿಧಿಯ ತೀರ್ಥವೆಂಬಂತೆ ಕೆಂಪು ನೀರು ಹರಿದು ತುಳಸಿಕಟ್ಟೆಯ ಬುಡ ಮುಟ್ಟಲು, ಧರ್ಮಪತ್ನಿಯವರು, “ರೀ, ಇನ್ನು ಒಂದೋ ಅದು, ಇಲ್ಲ ನಾನು,” ಎಂದರು. ‘ಅದು’ ಎಂದರೆ ಫ್ರಿಜ್ಜೋ ನಾಯಿಯೋ ಸಿದ್ಧಾಂತವೋ ಎಂದು ಬಿಡಿಸಿ ಹೇಳಲಿಲ್ಲ. ಪಶುವೈದ್ಯಕೀಯ ಕಾಲೇಜೇ ಇರುವ ನಗರದಲ್ಲಿ ಬಲ್ಲವರಿಗೆ ಬರವಿಲ್ಲ. ಆಚಾರ್ಯರು ಕಂಡ ವೈದ್ಯರು ಮರಿಯನ್ನು ಪರೀಕ್ಷಿಸಿ, ಎಳೆಯದಕ್ಕೆ ಹಸಿ ಮಾಂಸದ ಅಪಾಯ ಬೇಡ, ಬೇಯಿಸಿದ ಕೋಳಿ, ಅನ್ನ, ತರಕಾರಿ ಸಾಕು, ಸುಣ್ಣದ ಅಂಶಕ್ಕೆ ಔಷಧಿ ಕೊಡುವೆ, ಹೊಸ ಆಹಾರಕ್ಕೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸಿರಿ ಎಂದರು. ಅಮೆರಿಕದ ಪಶುವೈದ್ಯರ ಸಂಘವೂ 2012ರಲ್ಲಿಯೇ ಹಸಿ ಮಾಂಸ ಉಣಿಸುವುದನ್ನು ನಿರುತ್ಸಾಹಗೊಳಿಸಿದೆಯೆಂದು ಸೇರಿಸಿದರು.

ಸೋತ ಆಚಾರ್ಯರು ಮೌನಿಗಳಾದಾರೆಂದು ಬೀದಿಯವರು ಭಾವಿಸಿದ್ದರೆ ಅದು ಬೀದಿಯವರ ಅಲ್ಪಜ್ಞತೆ. ಆ ರಾತ್ರಿ ಮತ್ತೊಂದು ಜಾಗರಣೆ ನಡೆಯಿತು. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋಳವನ್ನೂ ನಾಯಿಯನ್ನೂ ಹೋಲಿಸಿ, ಪಿಷ್ಟವನ್ನು ಅರಗಿಸುವ ಜೀನು ತೋಳದಲ್ಲಿ ಎರಡೇ ಪ್ರತಿಗಳಲ್ಲಿದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಹೆಚ್ಚಿರುವುದನ್ನು ತೋರಿಸಿಕೊಟ್ಟ ಸಂಗತಿ ಅವರಿಗೆ ದರ್ಶನವಾಯಿತು. ಮಾನವನ ಒಲೆಯ ಪಕ್ಕದಲ್ಲಿ ಮಲಗಿ ಮಲಗಿಯೇ ನಾಯಿ ನಾಯಿಯಾಯಿತು. ಅನ್ನವೇ ಅದರ ಪ್ರಕೃತಿ. ಹಸಿಯೆಂಬುದು ಪಾಶ್ಚಾತ್ಯರ ಭ್ರಾಂತಿ! ಈಗ ತಕ್ಕಡಿಯಲ್ಲಿ ಅಕ್ಕಿ ತೂಗುತ್ತಿದೆ. ಕುಕ್ಕರಿನ ಸೀಟಿಗೆ ದಾಖಲೆಪುಸ್ತಕವಿದೆ. ಅತಿಥಿಗಳಿಗೆ ಮಲವಿಚಾರ ಯಥಾಪ್ರಕಾರ, ಬಣ್ಣಗಳು ಮಾತ್ರ ಬೇರೆ. ಮತ ಬದಲಾಯಿತು, ಪೀಠ ಬದಲಾಗಲಿಲ್ಲ.

ಕಳೆದ ವಾರ ಆಚಾರ್ಯರು ಮತ್ತೊಂದು ಮರಿಯನ್ನು ಹುಡುಕುತ್ತಿರುವ ಸುದ್ದಿ ಬಂದಿತು. ಒಂದಿರುವಾಗ ಇನ್ನೊಂದೇಕೆ ಎಂದು ಮೈದುನರು ಭದ್ರಾವತಿಯಿಂದ ಫೋನಿನಲ್ಲಿ ವಿಚಾರಿಸಿದರೆ, ಅವರು ಗಂಭೀರವಾಗಿ ಉತ್ತರವಿತ್ತರಂತೆ: “ವಾದ ಎಂದ ಮೇಲೆ ಎರಡು ಬೇಡವೇನಪ್ಪ? ಪೂರ್ವಪಕ್ಷಕ್ಕೊಂದು, ಸಿದ್ಧಾಂತಕ್ಕೊಂದು.”