ಹಬೆಗೊಂದು ವಿಳಾಸ

ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನಿನಷ್ಟು ಸುಲಭವಾಗಿ ಒಳ್ಳೆಯ ಹೆಸರು ಗಳಿಸಿದ ಯಂತ್ರ ಮನೆಯಲ್ಲಿ ಇನ್ನೊಂದಿಲ್ಲ. ಮಿಕ್ಸಿ ಚಟ್ನಿ ತೋರಿಸಬೇಕು, ವಾಷಿಂಗ್ ಮೆಷಿನ್ ಬಿಳಿ ಪಂಚೆ ತೋರಿಸಬೇಕು. ಇದು ಗುರ್ ಅಂದರೆ ಸಾಕು, ಕೆಲಸ ನಡೆಯುತ್ತಿದೆ ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ನಮ್ಮ ಬೆಂಗಳೂರಿನ ಫ್ಲ್ಯಾಟಿನದ್ದು ಗುರ್ ಎನ್ನುವುದನ್ನೂ ದಾಟಿ ಹಿಟ್ಟಿನ ಗಿರಣಿಯ ಸದ್ದು ಹಿಡಿದಿತ್ತು. ಕನ್ನಡಿ ಮಾತ್ರ ಮಧ್ಯಾಹ್ನದವರೆಗೂ ಮಬ್ಬು, ಟವೆಲ್ಲಿಗೆ ಮುಗ್ಗಲು ವಾಸನೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಕೊನೆಗೆ ಅದು ನಿಂತಾಗ ನಮ್ಮ ಯಜಮಾನರು, "ವಯಸ್ಸಾಗಿತ್ತು ಬಿಡು" ಎಂದು ಗೌರವದಿಂದಲೇ ಬೀಳ್ಕೊಟ್ಟರು.

ಚಿಕ್ಕಪೇಟೆ ಕಡೆಯ ಅಂಗಡಿಯವನು ಕೇಳದ ಪ್ರಶ್ನೆಯಿಲ್ಲ. ಆರಿಂಚಾ, ಎಂಟಿಂಚಾ? ಪ್ಲಾಸ್ಟಿಕ್ಕಾ, ಮೆಟಲ್ಲಾ? ಬಿಳೀದಾ, ಐವರಿನಾ? ಗಾಳಿ ಎಲ್ಲಿಗೆ ಹೋಗಬೇಕು ಎಂದು ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. 150 ಎಂಎಂ ಫ್ಯಾನು, ಗಂಟೆಗೆ 200 ಘನ ಮೀಟರ್ ಗಾಳಿ ಎಂದು ಡಬ್ಬದ ಮೇಲೆ ಅಚ್ಚಾಗಿತ್ತು. ನಮ್ಮ ಬಚ್ಚಲು ಐದಡಿ, ಎಂಟಡಿ, ಎತ್ತರ ಎಂಟಡಿ; ಅಂದರೆ 320 ಘನ ಅಡಿ, ಸುಮಾರು ಒಂಬತ್ತು ಘನ ಮೀಟರ್. ಇವರು ಮೆಟ್ರೋದಲ್ಲಿ ನಿಂತುಕೊಂಡೇ ಲೆಕ್ಕ ಹಾಕಿ, "ಮೂರೇ ನಿಮಿಷ ಕಣೇ, ಇಡೀ ರೂಮಿನ ಗಾಳಿ ಖಾಲಿ!" ಎಂದು ಘೋಷಿಸಿದರು. ಪಕ್ಕದಲ್ಲಿ ನಿಂತಿದ್ದ ಹುಡುಗ ಗಾಬರಿಯಿಂದ ಸ್ವಲ್ಪ ದೂರ ಸರಿದ.

ಎಲೆಕ್ಟ್ರಿಷಿಯನ್ ಸ್ಟೂಲು ಹತ್ತಿ, ಫಾಲ್ಸ್ ಸೀಲಿಂಗಿನ ಮುಚ್ಚಳ ಸರಿಸಿ, ತಲೆ ಒಳಗೆ ತೂರಿಸಿದ. ಸ್ವಲ್ಪ ಹೊತ್ತು ಬರೀ ಕಾಲು ಕಾಣುತ್ತಿತ್ತು. ಆಮೇಲೆ ಮೇಲಿನಿಂದ ನಗು ಕೇಳಿಸಿತು.

"ಮೇಡಂ, ಇದಕ್ಕೆ ಪೈಪೇ ಇಲ್ಲ!"

ಫ್ಯಾನಿನ ಬೆನ್ನಿಗೆ ಏನೂ ಇರಲಿಲ್ಲ. ಕೆಳಗಿನ ಹಬೆಯನ್ನು ನಿಷ್ಠೆಯಿಂದ ಎಳೆದು ಎಳೆದು ಫಾಲ್ಸ್ ಸೀಲಿಂಗಿನೊಳಗೆ ಬಿಟ್ಟಿತ್ತು, ಅಷ್ಟೆ. ಹಬೆ ಮೇಲಿನ ತಣ್ಣನೆಯ ಸ್ಲ್ಯಾಬು ಮುಟ್ಟಿ, ನೀರಾಗಿ, ಜಿಪ್ಸಮ್ ಹಲಗೆಯನ್ನು ನೆನೆಸಿ, ಹನಿಹನಿಯಾಗಿ ಮತ್ತೆ ನಮ್ಮ ಮೇಲೇ ಇಳಿಯುತ್ತಿತ್ತು. ಆ ಹನಿಗಾಗಿ ಇವರು ಮೇಲಿನ ಮನೆಯವರ ಮೇಲೆ ಅಸೋಸಿಯೇಷನ್ನಿಗೆ ಬರೆದ ಪತ್ರ, ಅವರು ಪಾಪ ನೆಲದ ಟೈಲ್ಸ್ ಸಂದಿಗಳನ್ನೆಲ್ಲ ಮತ್ತೆ ತುಂಬಿಸಿದ್ದು, ಎಲ್ಲವೂ ನೆನಪಾಗಿ ಇವರು ಸ್ಟೂಲು ಹಿಡಿದುಕೊಳ್ಳುವ ನೆಪದಲ್ಲಿ ನೆಲ ನೋಡುತ್ತಿದ್ದರು.

ಅತ್ತೆ ಇಂಥ ಅವಕಾಶ ಸಿಕ್ಕರೆ ಬಿಡುವವರಲ್ಲ. "ತೀರ್ಥಹಳ್ಳಿ ಮನೆ ಬಚ್ಚಲಿಗೆ ಯಾವ ಫ್ಯಾನಿತ್ತೇ? ಹಂಡೆ ಒಲೆಗೆ ಅಡಿಕೆ ಸಿಪ್ಪೆ ತುಂಬಿದ್ರೆ ಹೊಗೆ, ಹಬೆ ಎಲ್ಲ ಹೆಂಚಿನ ಸಂದೀಲಿ ಹೋಗ್ತಿತ್ತು." ಹೋಗುತ್ತಿದ್ದುದು ನಿಜ. ನೀರು ತುಂಬುವ ಹಬ್ಬದ ಮರುದಿನ ಎಣ್ಣೆ ಸ್ನಾನ ಮುಗಿಸಿ ಹೊರಬಂದವರ ಕಣ್ಣು ಹೊಗೆಗೆ ಕೆಂಡದಂತಾಗುತ್ತಿದ್ದುದೂ ಅಷ್ಟೇ ನಿಜ. ಆ ಭಾಗವನ್ನು ಅತ್ತೆ ಹೇಳುವುದಿಲ್ಲ.

ಇನ್ನು ಪೈಪು. ಡಬ್ಬದ ಮೇಲಿನ ಆ 200 ಘನ ಮೀಟರ್ ಫ್ಯಾನಿನ ಹಿಂದೆ ಮುಂದೆ ಏನೂ ಅಡ್ಡವಿಲ್ಲದಿದ್ದಾಗಿನ ಲೆಕ್ಕವಂತೆ. ಗೋಡೆಗೆ ಕೂರಿಸಿ ನೇರ ಬಯಲಿಗೆ ಬಿಟ್ಟರೆ ಸರಿ. ಉದ್ದದ ಪೈಪು ಸಿಕ್ಕಿಸಿ ಒಂದು ಬೆಂಡು, ಇನ್ನೊಂದು ಬೆಂಡು ಕೊಟ್ಟರೆ ಈ ಬಗೆಯ ರೆಕ್ಕೆ ಫ್ಯಾನಿಗೆ ಉಸಿರೇ ಸಾಲದು. ಸುಕ್ಕುಸುಕ್ಕಿನ ಅಲ್ಯೂಮಿನಿಯಂ ಕೊಳವೆಯಾದರಂತೂ ಸುಕ್ಕುಸುಕ್ಕಿಗೂ ಗಾಳಿ ತಡೆಯುತ್ತದೆ. ಆದ್ದರಿಂದ ಆ ಫ್ಯಾನು ಅಂಗಡಿಗೆ ವಾಪಸಾಗಿ, ಪೈಪಿನ ನಡುವೆಯೇ ಕೂರುವ ಬ್ಲೋವರ್ ಜಾತಿಯದ್ದು ಬಂತು. ನಾಲ್ಕಿಂಚಿನ ನುಣುಪು ಪಿವಿಸಿ ಪೈಪನ್ನು ಒಂದೇ ಒಂದು ಬೆಂಡಿನಲ್ಲಿ ಡಕ್ಟಿನ ಗೋಡೆಯಾಚೆ ದಾಟಿಸಿದ್ದಾಯಿತು. ಒಳಗೆ ತಣಿದ ನೀರು ಮೋಟರಿನ ಕಡೆಗೆ ಬರದಿರಲಿ ಎಂದು ಪೈಪನ್ನು ಹೊರಕ್ಕೆ ತುಸು ಇಳಿಜಾರಾಗಿ ಹಿಡಿಸಿದರು. ತೂತು ಕೊರೆಯುವವನು ಬೀಮಿನ ಕಡೆಗೆ ಡ್ರಿಲ್ ಎತ್ತಿದಾಗ ಅಸೋಸಿಯೇಷನ್ ಸೆಕ್ರೆಟರಿ ಕೂಗಿದ ಕೂಗಿಗೆ ಡಕ್ಟಿನ ಪಾರಿವಾಳಗಳೆಲ್ಲ ಎದ್ದು ಹೋದವು. ಅವು ವಾಪಸು ಬಂದು ಪೈಪಿನಲ್ಲೇ ಸಂಸಾರ ಹೂಡದಂತೆ ಬಾಯಿಗೆ ದೊಡ್ಡ ಕಣ್ಣಿನ ಜಾಲರಿ; ಕೆಳಗಿನ ಮನೆಯ ಮೀನು ಹುರಿಯುವ ವಾಸನೆ ಒಳಬರದಂತೆ ಒಂದು ಮುಚ್ಚುರೆಕ್ಕೆ. ಫ್ಯಾನು ನಿಂತೊಡನೆ ಅದು ತಾನೇ ಮುಚ್ಚಿಕೊಳ್ಳುತ್ತದೆ.

(ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಇಟ್ಟವರು ಇದನ್ನು ಓದಿ ಸಮಾಧಾನಪಡುವ ಹಾಗಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನು ಗೀಸರಿನ ಹೊಗೆಯನ್ನು ಒಳಕ್ಕೇ ಎಳೆಯಬಹುದು. ಆ ಗೀಸರ್ ಹೊರಗಿರಬೇಕು, ಅಷ್ಟೆ.)

ಪರೀಕ್ಷೆಗೆಂದು ಇವರು ಅಂಗಿಯ ಜೇಬಿನಿಂದ ಬಿಎಂಟಿಸಿ ಟಿಕೆಟ್ ತೆಗೆದು ಸೀಲಿಂಗಿನ ಜಾಲರಿಗೆ ಹಿಡಿದರು. ಕಚ್ಚಿಕೊಳ್ಳಬೇಕಿತ್ತು. ಬಾಗಿಲು ಹಾಕಿದ್ದೇ ತಡ, ಟಿಕೆಟ್ ಜಾರಿ ಬಕೆಟ್ಟಿಗೆ ಬಿತ್ತು. ನೋಡಿದರೆ, ಗಾಳಿ ಒಳಬರುವ ಒಂದೇ ದಾರಿಯಾದ ಬಾಗಿಲ ಕೆಳಗಿನ ಸಂದಿಗೆ ಅತ್ತೆ ಹಳೆಯ ಸೀರೆ ಸುತ್ತಿ ತುರುಕಿದ್ದಾರೆ! ಒಳಗೆ ಬರದ ಗಾಳಿಯನ್ನು ಯಾವ ಫ್ಯಾನು ತಾನೆ ಹೊರಗೆ ಹಾಕೀತು? "ಕಾಲಿಗೆ ಥಂಡಿ ಹೊಡೆಯತ್ತೆ" ಎಂಬ ಅವರ ವಾದ ಇವತ್ತಿಗೂ ಜಾರಿಯಲ್ಲಿದೆ. ಬಡಗಿ ಬಂದು ಬಾಗಿಲ ತಳ ಅರ್ಧ ಇಂಚು ಹೆರೆದ. ಸೀರೆಯನ್ನು ಒರೆಸುವ ಬಟ್ಟೆಗಳ ಜೊತೆ ಸೇರಿಸಿದೆ. ಟಿಕೆಟ್ ಕಚ್ಚಿಕೊಂಡಿತು. ಸ್ನಾನವಾದ ಮೇಲೆ ಕಾಲು ಗಂಟೆ ಫ್ಯಾನು ಓಡಿಸಿದರೆ ಕನ್ನಡಿಯಲ್ಲಿ ಮುಖ ಕಾಣುತ್ತದೆ, ಅದು ಲಾಭವೋ ನಷ್ಟವೋ ಬೇರೆ ಮಾತು.

ಆ ವಾರವೇ ಮೇಲಿನ ಮನೆಯವರು ಬಾಗಿಲು ತಟ್ಟಿ, "ಬೇಜಾರು ಮಾಡ್ಕೋಬೇಡಿ, ನಮ್ಮ ಬಾತ್‌ರೂಮ್ ಸೀಲಿಂಗ್‌ನಿಂದಲೂ ಹನಿ ಬೀಳ್ತಿದೆ. ಅದರ ಮೇಲಿನವರಿಗೆ ಹೇಗೆ ಲೆಟರ್ ಬರೆಯೋದು?" ಎಂದು ಕೇಳಿದರು. ಇವರು ಉತ್ತರಿಸಲಿಲ್ಲ. ಟಾರ್ಚೂ ಸ್ಟೂಲೂ ಹಿಡಿದು ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದರು.