ಮೌಸಿಗೂ ಮಂಜೂರಾತಿ

ಹಿಂದೆ ಕಡತಕ್ಕೆ ತೂಕವಿತ್ತು. ಕೆಂಪು ದಾರ ಬಿಗಿದ ಕಟ್ಟನ್ನು ಹೊತ್ತು ಜವಾನ ಮಹಡಿ ಹತ್ತಬೇಕಿತ್ತು. ಐದನೇ ಸಾಹೇಬರ ಸಹಿಯೂ ಬೇಕೆಂದರೆ ಗೊಣಗುತ್ತಿದ್ದ. ನಮ್ಮ ಕಚೇರಿಗಳನ್ನು ಒಂದು ಹದ್ದುಬಸ್ತಿನಲ್ಲಿ ಇಟ್ಟಿದ್ದು ಯಾವ ನಿಯಮಾವಳಿಯೂ ಅಲ್ಲ, ಆ ಜವಾನನ ಮಂಡಿನೋವು. ಈಗ ಕಡತ ಕಂಪ್ಯೂಟರಿಗೆ ಹೋಗಿ ಹಗುರಾಗಿದೆ. ಸಹಿ ಹಾಕುವವರ ಸಾಲಿಗೆ ಇನ್ನೊಬ್ಬರನ್ನು ಸೇರಿಸಲು ಪರದೆಯ ಮೇಲೆ ಒಂದು ಬಾಣ ಎಳೆದರೆ ಸಾಕು. ಎಳೆದದ್ದೇ ಎಳೆದದ್ದು.

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಹುಡುಗಿಯೊಬ್ಬಳ ಮೌಸ್ ಕೆಟ್ಟಿತು ಅನ್ನಿ. ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತರಬಹುದಾದ ವಸ್ತು. ಆದರೆ ಟಿಕೆಟ್ ಹಾಕಬೇಕು. ಅದು ಟೀಮ್ ಲೀಡ್‌ಗೆ, ಅಲ್ಲಿಂದ ಮ್ಯಾನೇಜರ್‌ಗೆ, ಆಮೇಲೆ ಐಟಿ ವಿಭಾಗಕ್ಕೆ, ಕೊನೆಗೆ ಫೈನಾನ್ಸ್‌ಗೆ. ಮ್ಯಾನೇಜರ್ ಕೆಲಸ ಬಿಟ್ಟು ಹೋಗಿದ್ದಾರೆ. ಎಲ್ಲರೂ ಸೇರಿ ಕೇಕ್ ಕತ್ತರಿಸಿ ಕಳಿಸಿಯೂ ಆಗಿದೆ. ವರ್ಕ್‌ಫ್ಲೋಗೆ ಮಾತ್ರ ಯಾರೂ ಹೇಳಿಲ್ಲ. ಅರ್ಜಿ ಅವರ ಮುಚ್ಚಿದ ಖಾತೆಯ ಮುಂದೆ ಕೂತಿದೆ. ಫೈನಾನ್ಸಿನವರು ರಜೆ ಹಾಕುವಾಗ ತಮ್ಮ ಅಧಿಕಾರವನ್ನು ಪಕ್ಕದವರಿಗೆ ವಹಿಸಿದ್ದಾರೆ, ಪಕ್ಕದವರು ರಜೆ ಹಾಕುವಾಗ ಇವರಿಗೇ ವಹಿಸಿದ್ದಾರೆ. ಹುಡುಗಿಗೆ ದಿನಾ ಬೆಳಿಗ್ಗೆ ಮೇಲ್ ಬರುತ್ತದೆ: ನಿಮ್ಮ ಮನವಿ ಪ್ರಗತಿಯಲ್ಲಿದೆ. ಬೇಸತ್ತು ಅವಳು ಖಾಲಿ ಸೀಟಿನಿಂದ ಮೌಸ್ ಕಿತ್ತುಕೊಂಡು ಬಂದಳು. ಇಡೀ ಪ್ರಕರಣದಲ್ಲಿ ನಿರ್ಧಾರ ಅಂತ ತೆಗೆದುಕೊಂಡವಳು ಅವಳೊಬ್ಬಳೇ.

ಒಪ್ಪಿಗೆ ಕೊಡುವವರಾದರೂ ಓದಿ ಕೊಡುತ್ತಾರೆಯೇ? ಸಿಲ್ಕ್ ಬೋರ್ಡ್‌ನಲ್ಲಿ ಕ್ಯಾಬ್ ನಿಂತಾಗ ಮೊಬೈಲ್ ತೆಗೆದು ‘ಸೆಲೆಕ್ಟ್ ಆಲ್’, ‘ಅಪ್ರೂವ್’. ರಜೆ, ಮೌಸ್, ಮುಂಬೈ ಪ್ರಯಾಣದ ಬಿಲ್ಲು, ಎಲ್ಲ ಒಂದೇ ಹೆಬ್ಬೆರಳಿಗೆ ಪಾಸು. ಓದು ಬಾರದವರನ್ನು ನಾವು ಹೆಬ್ಬೆಟ್ಟು ಅನ್ನುತ್ತಿದ್ದೆವು!

ಸರ್ಕಾರವೇನು ಹಿಂದೆ ಬಿದ್ದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೂ ಕೈಸಹಿಯ ಮಾನ್ಯತೆ ಕೊಟ್ಟಿತು. ಆ ಸಹಿಯ ಡಾಂಗಲ್ ಎಷ್ಟೋ ಕಡೆ ಇರುವುದು ಆಪರೇಟರನ ಡ್ರಾಯರಿನಲ್ಲಿ, ಪಿನ್ ಬರೆದ ಚೀಟಿಯ ಸಮೇತ. ಸಾಹೇಬರು ಜಿಲ್ಲಾ ಕೇಂದ್ರದ ಸಭೆಯಲ್ಲಿ, ಅವರ ಸಹಿ ತಾಲ್ಲೂಕು ಕಚೇರಿಯಲ್ಲಿ ಕರ್ತವ್ಯನಿರತ. 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ಕಾಯ್ದೆ ಸೇವೆಗೆ ಗಡುವು ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದಿತು. ನಮ್ಮವರು ಜಾಣರು. ಗಡುವಿನ ಹಿಂದಿನ ಸಂಜೆ ‘ದಾಖಲೆ ಅಸ್ಪಷ್ಟ’ ಎಂದು ಒತ್ತಿದರೆ ಲೆಕ್ಕ ಮುಗಿಯಿತು. ತಿರಸ್ಕಾರವೂ ವಿಲೇವಾರಿಯೇ ತಾನೆ?

ಕೆಲಸ ಚುರುಕಾಗಿಲ್ಲ ಎಂದರೆ ಸುಳ್ಳಾದೀತು. ಪಹಣಿಗೆ ಈಗ ಗ್ರಾಮಲೆಕ್ಕಿಗರ ಹಿಂದೆ ತಿರುಗಬೇಕಿಲ್ಲ. ಅಲ್ಲಿ ಒಂದು ಕೈ ಕಡಿಮೆಯಾಯಿತು, ಅದಕ್ಕೇ ಗೆದ್ದಿತು. ಮಿಕ್ಕ ಕಡೆ ಬೇಡದ ಕೈಗಳನ್ನೆಲ್ಲ ಹಾಗೇ ಇಟ್ಟುಕೊಂಡು ಸಾಫ್ಟ್‌ವೇರ್ ಹೊದಿಸಿದೆವು. ಲಾಭ ಆಗಿದ್ದು ಹೊಣೆ ತಪ್ಪಿಸಿಕೊಳ್ಳುವವರಿಗೆ. ಮೊದಲು ‘ಮಾಡಲ್ಲ ಹೋಗ್ರೀ’ ಅನ್ನಲು ಸ್ವಲ್ಪವಾದರೂ ಧೈರ್ಯ ಬೇಕಿತ್ತು. ಈಗ ‘ಸಿಸ್ಟಮ್ ತಗೋತಾ ಇಲ್ಲ ಸಾರ್’ ಅಂದರೆ ಮುಗಿಯಿತು.

ಆದ್ದರಿಂದ ಕಚೇರಿ ನಡೆಸುವವರಲ್ಲಿ ಒಂದು ಅರಿಕೆ. ಹೊಸ ವರ್ಕ್‌ಫ್ಲೋ ಕೊಳ್ಳುವ ಮುನ್ನ, ಸಾವಿರ ರೂಪಾಯಿ ಒಳಗಿನ ಖರ್ಚಿಗೆ ಯಾರ ಅಪ್ಪಣೆಯೂ ಬೇಡ ಎಂದು ಒಂದು ಸುತ್ತೋಲೆ ಹೊರಡಿಸಿ. ದಯವಿಟ್ಟು ಆ ಸುತ್ತೋಲೆಯನ್ನು ಅನುಮೋದನೆಗೆ ಕಳಿಸಬೇಡಿ.