ಮಹಾರಾಜಶ್ರೀ ಎಥೆನಾಲ್ ಅವರಿಗೆ, ವಡ್ಡೆಪಲ್ಲಿಯಿಂದ

ಮಹಾರಾಜಶ್ರೀ ಎಥೆನಾಲ್ ಅವರ ಸನ್ನಿಧಾನಕ್ಕೆ, ತೆಲಂಗಾಣದ ವಡ್ಡೆಪಲ್ಲಿ ಸೀಮೆಯ ರೈತನೊಬ್ಬನ ಸಾಷ್ಟಾಂಗ ನಮಸ್ಕಾರ.

ನಮ್ಮ ಮಗ್ಗುಲಿನ ರಾಜೋಳಿ ಮಂಡಲದ ಪೆದ್ದ ಧನ್ವಾಡಕ್ಕೆ ತಾವು ಕಾರ್ಖಾನೆಯಾಗಿ ದಯಮಾಡಿಸುವ ಸುದ್ದಿ ಕೇಳಿ ಜನ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ತಮ್ಮ ಭಾಗ್ಯ ದೊಡ್ಡದು: ಪೆಟ್ರೋಲಿಗೆ ಬೆರೆಯುವ ಎಥೆನಾಲಿಗೆ ಊರವರ ಅಹವಾಲು ಕೇಳುವ ಸಭೆ ಬೇಡವೆಂದು ಕೇಂದ್ರ ಪರಿಸರ ಸಚಿವಾಲಯ 2021ರ ಜೂನ್‌ನಲ್ಲೇ ವಿನಾಯಿತಿ ಕೊಟ್ಟಿತ್ತು. ಹೆಣ್ಣಿನ ಮನೆಯವರನ್ನು ಕೇಳದೆಯೇ ದಿಬ್ಬಣ ಹೊರಟಂತೆ. ಷರತ್ತುಗಳಲ್ಲೊಂದು, ಕಾರ್ಖಾನೆಯಿಂದ ಹನಿ ಕೊಳೆ ನೀರೂ ಹೊರಬೀಳಬಾರದು. ಹನಿಯೂ ಬೀಳದಿದ್ದರೆ ತುಂಗಭದ್ರಾ ನದಿಯ ದಡವೇ ಯಾಕೆ ಎಂದು ನಮ್ಮವ್ವ ಕೇಳುತ್ತಾಳೆ. ನೀರೆತ್ತಲು ಎಂದೆ. ಎತ್ತಿದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದಳು. ಶಾಲೆಗೆ ಹೋದವಳಲ್ಲ, ಕ್ಷಮಿಸಿ.

ನಾರಾಯಣಪೇಟೆ ಜಿಲ್ಲೆಯ ಚಿತ್ತನೂರಿನಲ್ಲಿ ತಮ್ಮ ವಂಶದವರು ಆಗಲೇ ನೆಲೆಸಿದ್ದಾರೆ. ಅಲ್ಲಿನ ಮನ್ನೆ ವಾಗು ಎಂಬ ಹಳ್ಳ ಕೆಟ್ಟಿತು, ಮೀನು ಸತ್ತವು, ಮೈಗೆ ತುರಿಕೆ ಬಂತು ಎಂಬುದು ಊರವರ ದೂರು. 2023ರ ಅಕ್ಟೋಬರ್‌ನಲ್ಲಿ ಅವರು ತ್ಯಾಜ್ಯದ ಟ್ಯಾಂಕರ್ ತಡೆದರು, ಪೊಲೀಸರೊಂದಿಗೆ ಘರ್ಷಣೆಯೂ ಆಯಿತು. ಹೊರಗೇ ಬಾರದ ಹನಿಗೆ ಟ್ಯಾಂಕರ್ ಯಾಕೆ ಬೇಕಾಯಿತೋ!

ತುಂಗಭದ್ರೆ ನಮಗೆ ಹೊಸಬಳಲ್ಲ. ರಾಜೋಳಿಬಂಡಾ ಕಾಲುವೆಯಲ್ಲಿ 87,500 ಎಕರೆಯ ನೀರು ಕಾಗದದ ಮೇಲೆ ಭೋರ್ಗರೆಯುತ್ತದೆ. ಕೊನೆಯ ಹೊಲಕ್ಕೆ ಬಂದರೆ ಬಂತು. 2020ರಲ್ಲಿ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಷ್ಕರ ಮಾಡಿ ನದಿಗೆ ಆರತಿ ಎತ್ತಿದೆವು. ಮುಂದಿನ ಪುಷ್ಕರದವರೆಗೆ ಅವಳನ್ನು ನೆನೆಯುವ ಕಷ್ಟವಿಲ್ಲ. 2024ರ ನವೆಂಬರ್‌ನಲ್ಲಿ ಮೇಲಿನ ಕರ್ನಾಟಕದವರು ನಿರ್ಮಲ ತುಂಗಭದ್ರಾ ಎಂದು ಶೃಂಗೇರಿಯಿಂದ ಪಾದಯಾತ್ರೆ ಹೊರಟು, ಎರಡು ಹಂತದಲ್ಲಿ ಕಿಷ್ಕಿಂಧೆ ಮುಟ್ಟಿದರು. ಅವರ ಕಾಲಿಗೆ ಶರಣು. ನಡೆದವರು ಅಲ್ಲಿ ನಿಂತರು, ಊರೂರಿನ ಚರಂಡಿ ಮಾತ್ರ ನಿಲ್ಲದೆ ನಮ್ಮಲ್ಲಿಗೆ ಬಂತು.

ನಮ್ಮವರು ಅಷ್ಟು ದೂರ ನಡೆಯಲಿಲ್ಲ. 2025ರ ಜೂನ್‌ನಲ್ಲಿ ಸುತ್ತಲ ಹಳ್ಳಿಗರು ಕಾರ್ಖಾನೆಯ ಜಾಗದವರೆಗೆ ನಡೆದರು. ಡೇರೆ, ಗಾಡಿಗಳಿಗೆ ಪೆಟ್ಟು ಬಿತ್ತು; ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ರೈತರಿಗೆ ಬೇಡಿ ತೊಡಿಸಿ ಆಲಂಪುರದ ನ್ಯಾಯಾಲಯಕ್ಕೆ ಕರೆತಂದರು. ಬೀಜದ ಹತ್ತಿಯ ಹೂ ಬಿಡಿಸುವ ಕೈಗಳಿಗೆ ಕಬ್ಬಿಣದ ಅಲಂಕಾರ! ಹಸಿರು ಇಂಧನಕ್ಕೆ ಇಂಥ ಸ್ವಾಗತ ಸಮಿತಿ ಇನ್ನೆಲ್ಲಿ ಸಿಕ್ಕೀತು?

ಪ್ರಭುಗಳೇ, ವಿನಾಯಿತಿ ಜೇಬಿನಲ್ಲಿರಲಿ, ಒಮ್ಮೆ ನಮ್ಮೂರ ರಚ್ಚಬಂಡೆಯ ಕಟ್ಟೆಗೆ ಬನ್ನಿ. ಎಷ್ಟು ನೀರೆತ್ತುತ್ತೀರಿ, ಅದು ಎಲ್ಲಿಗೆ ಹೋಗುತ್ತದೆ ಎಂದು ಅವ್ವನಿಗೆ ತೆಲುಗಿನಲ್ಲೋ ಕನ್ನಡದಲ್ಲೋ ಓದಿ ಹೇಳಿ. ಕಡತ ತನ್ನಿ, ನಕ್ಷೆ ತನ್ನಿ. ಬೇಡಿ ಮಾತ್ರ ತರಬೇಡಿ.

ಇಂತಿ,
ನದಿಯ ಕೆಳಮಗ್ಗುಲಿನವನು